ಗಾಲ್ಫ್ ಬಿಟ್ಟುಬಿಡಬೇಕೆನಿಸಿದವರಿಗೆ ಹ್ಯಾಂಡಿಕ್ಯಾಪ್ ಪದ್ಧತಿ: ಒಂದು ವಿಮರ್ಶೆ

ಗಾಲ್ಫ್ ಕಲಿಯಲು ಹೊರಟವರಲ್ಲಿ ಬಹಳಷ್ಟು ಮಂದಿ ಒಂದಲ್ಲ ಒಂದು ಭಾನುವಾರ, ಹದಿನೆಂಟನೆಯ, ಅಂದರೆ ಕೊನೆಯ ಹೋಲ್ (ಚೆಂಡನ್ನು ಒಂದು ಗುಳಿಗೆ ಹಾಕುವ ಹಂತ) ಮುಗಿಸಿ ಕಿಟ್ಟನ್ನು ಕಾರಿನ ಡಿಕ್ಕಿಗೆ ಹಾಕುವಾಗ, ಈ ಆಟದ ಸಹವಾಸ ಇನ್ನು ಸಾಕು ಎಂದುಕೊಂಡಿರುತ್ತಾರೆ. ಅಂಥವರಿಗೆ ಸುತ್ತಲಿನವರಿಂದ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ದೂರ ಹೊಡೆಯುವ ಕೋಲಾದ ಡ್ರೈವರ್ ಬದಲಿಸಿ, ಕೋಚನ್ನು ಬದಲಿಸಿ, ಅಭ್ಯಾಸದ ಜಾಗವಾದ ಡ್ರೈವಿಂಗ್ ರೇಂಜಿನಲ್ಲಿ ಇನ್ನೆರಡು ಬಕೆಟ್ ಚೆಂಡು ಹೊಡೆಯಿರಿ. ಈ ಸಲಹೆಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬೇಸತ್ತ ಆಟಗಾರನನ್ನು ಮೈದಾನದಲ್ಲಿ ಉಳಿಸುವ ಕೆಲಸವನ್ನು ಇವೆಲ್ಲಕ್ಕಿಂತ ಚೆನ್ನಾಗಿ ಮಾಡುವ ಒಂದು ಸೇವೆ ಈಗಾಗಲೇ ನಮ್ಮ ಕೈಯಲ್ಲಿದೆ. ಅದು 2020ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ. ಬೇರೆ ಬೇರೆ ಮಟ್ಟದ ಆಟಗಾರರು ಸಮನಾಗಿ ಸ್ಪರ್ಧಿಸಲು ನೆರವಾಗುವ ಲೆಕ್ಕವೆಂದೇ ಎಲ್ಲರೂ ಇದನ್ನು ಬಲ್ಲರು. ಹತಾಶೆಯನ್ನು ನಿಭಾಯಿಸಬೇಕಾದ ಆಟಗಾರನಿಗೆ ಇದು ಏನು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ.

ಈ ಆಟದಲ್ಲಿ ಹತಾಶೆ ಹುಟ್ಟುವ ಬಗೆಯನ್ನು ಮೊದಲು ಗಮನಿಸಬೇಕು. ಚೆಂಡು ನಿಂತಲ್ಲೇ ನಿಂತಿರುತ್ತದೆ, ಎದುರಾಳಿ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ಕೆಟ್ಟ ಹೊಡೆತದ ಹೊಣೆಯನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ. ನಾಲ್ಕು ಗಂಟೆಗೂ ಮೀರಿದ ಆಟದಲ್ಲಿ ಹದಿನಾರು ಹೋಲ್‌ಗಳನ್ನು ತಕ್ಕಮಟ್ಟಿಗೆ ಆಡಿ, ಎರಡರಲ್ಲಿ ಮಾತ್ರ ನೀರಿಗೋ ಪೊದೆಗೋ ಚೆಂಡು ಕಳೆದುಕೊಂಡರೂ ಕೊನೆಯ ಮೊತ್ತದಲ್ಲಿ ಆ ಎರಡೇ ಎದ್ದು ಕಾಣುತ್ತವೆ. ಅದರ ಜೊತೆಗೆ ನಮ್ಮ ನಿರೀಕ್ಷೆಗಳೂ ವಾಸ್ತವಕ್ಕೆ ದೂರವಾಗಿರುತ್ತವೆ. ಎಂಟು ಅಡಿ ದೂರದ ಪಟ್ (ಚೆಂಡನ್ನು ಗುಳಿಯತ್ತ ಉರುಳಿಸುವ ಹೊಡೆತ) ತಪ್ಪಿದರೆ ಹಲ್ಲು ಕಚ್ಚುವ ನಾವು, ಪುರುಷರ ಅಗ್ರ ವೃತ್ತಿಪರ ಟೂರಿನ ಆಟಗಾರರು ಕೂಡ ಆ ದೂರದಿಂದ ಸುಮಾರು ಅರ್ಧದಷ್ಟು ಪಟ್‌ಗಳನ್ನು ಮಾತ್ರ ಗುಳಿಗೆ ಹಾಕುತ್ತಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಟ್ಟು ಹೊಡೆತಗಳನ್ನು ಎಣಿಸಿ, ಕಡಿಮೆ ಹೊಡೆದವರನ್ನು ಗೆಲ್ಲಿಸುವ ಕ್ರಮ ಅತ್ಯುತ್ತಮ ಆಟಗಾರರಿಗೂ ಕಠೋರವಾದದ್ದೇ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನ, 72 ಹೋಲ್ ಆಡಿ, ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚಿನ ಪದಕ ತಪ್ಪಿ ನಾಲ್ಕನೆಯವರಾದರು. ಒಲಿಂಪಿಕ್ಸ್‌ಗೆ ಆ ಕಠೋರತೆ ಬೇಕು. ವಾರಕ್ಕೊಮ್ಮೆ ಆಡುವವನು ತನ್ನನ್ನು ಅದೇ ಅಳತೆಗೋಲಿನಿಂದ ಅಳೆದುಕೊಳ್ಳುವುದು ಅನಗತ್ಯ ಶಿಕ್ಷೆ.

ಹ್ಯಾಂಡಿಕ್ಯಾಪ್ ಪದ್ಧತಿ ನೆರವಿಗೆ ಬರುವುದು ಇಲ್ಲಿಯೇ. ಬ್ರಿಟನ್ನಿನ ಆರ್ ಅಂಡ್ ಎ ಮತ್ತು ಅಮೆರಿಕದ ಯು.ಎಸ್.ಜಿ.ಎ. ಎಂಬ ಗಾಲ್ಫ್ ಆಡಳಿತ ಸಂಸ್ಥೆಗಳು, ಆವರೆಗೆ ಜಗತ್ತಿನ ಬೇರೆ ಬೇರೆ ಭಾಗಗಳಲ್ಲಿ ಬಳಕೆಯಲ್ಲಿದ್ದ ಆರು ಪದ್ಧತಿಗಳನ್ನು ಒಂದುಗೂಡಿಸಿ ಇದನ್ನು ರೂಪಿಸಿದವು. ಆಟಗಾರ ಸಲ್ಲಿಸಿದ ಇತ್ತೀಚಿನ 20 ಸ್ಕೋರ್‌ಗಳಲ್ಲಿ ಅತ್ಯುತ್ತಮವಾದ 8ನ್ನು ಆರಿಸಿ, ಮೈದಾನದ ಕಷ್ಟಕ್ಕೆ ತಕ್ಕಂತೆ ಹೊಂದಿಸಿದ ಅವುಗಳ ಸರಾಸರಿಯನ್ನು ಹ್ಯಾಂಡಿಕ್ಯಾಪ್ ಇಂಡೆಕ್ಸ್ ಎಂದು ಕೊಡಲಾಗುತ್ತದೆ. ಉಳಿದ 12 ಸ್ಕೋರ್‌ಗಳು ದಾಖಲೆಯಲ್ಲಿ ಇರುತ್ತವೆ, ಆದರೆ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಅರ್ಧಕ್ಕಿಂತ ಹೆಚ್ಚು ದಿನ ಆಟ ಚೆನ್ನಾಗಿ ಆಗುವುದಿಲ್ಲವೆಂಬುದನ್ನು ಈ ಲೆಕ್ಕ ಮೊದಲೇ ಒಪ್ಪಿಕೊಂಡಿದೆ. ಇಂಡೆಕ್ಸ್ ಎಂಬುದು ನಮ್ಮ ಸಾಮಾನ್ಯ ದಿನದ ಆಟವಲ್ಲ, ನಮ್ಮ ಒಳ್ಳೆಯ ದಿನಗಳ ಆಟ. ಅದಕ್ಕೆ ತಕ್ಕಂತೆ ಆಡುವುದು ಸುಮಾರು ನಾಲ್ಕೈದು ಸುತ್ತಿಗೊಮ್ಮೆ ಸಾಧ್ಯವಾದರೆ ಅದೇ ಸಹಜ, ಉಳಿದ ದಿನಗಳಲ್ಲಿ ಕೆಲವು ಹೊಡೆತ ಹೆಚ್ಚಾಗುವುದೇ ನಿಯಮ. ಈ ಒಂದು ತಿಳಿವಳಿಕೆ ನನಗೆ ಯಾವ ಹೊಸ ಗಾಲ್ಫ್ ಕೋಲೂ ಕೊಡದ ಸಮಾಧಾನವನ್ನು ಕೊಟ್ಟಿದೆ. ಹ್ಯಾಂಡಿಕ್ಯಾಪ್ ಪಡೆದ ಹಲವರಿಗೆ ಇದು ಗೊತ್ತೇ ಇಲ್ಲದಿರುವುದು, ಪ್ರತಿ ಸುತ್ತಿನಲ್ಲೂ ಆ ಅಂಕಿಯನ್ನು ಮುಟ್ಟಬೇಕೆಂದು ಹೊರಟು ಅವರು ಕುಗ್ಗುವುದು ನೋಡಿದಾಗ ನಿಜಕ್ಕೂ ವ್ಯಥೆಯಾಗುತ್ತದೆ. ಸದಸ್ಯತ್ವದ ಕಾಗದಗಳನ್ನು ಕೈಗಿಡುವ ದಿನವೇ ಕ್ಲಬ್‌ಗಳು ಇದನ್ನು ಎರಡು ಸಾಲಿನಲ್ಲಿ ಬರೆದು ಕೊಡಬೇಕು.

ಎರಡನೆಯ ಗುಣ ಮೈದಾನದಲ್ಲಿಯೇ, ಕೋಪ ಏರುತ್ತಿರುವ ಗಳಿಗೆಯಲ್ಲಿಯೇ ಕೆಲಸ ಮಾಡುತ್ತದೆ. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಯಾವುದೇ ಹೋಲ್‌ನಲ್ಲಿ ಬರೆದುಕೊಳ್ಳಬಹುದಾದ ಗರಿಷ್ಠ ಸ್ಕೋರಿಗೆ ನೆಟ್ ಡಬಲ್ ಬೋಗಿ ಎಂಬ ಮಿತಿ ಇದೆ: ಆ ಹೋಲ್‌ನ ಪಾರ್ (ಅದನ್ನು ಮುಗಿಸಲು ನಿಗದಿಯಾದ ಹೊಡೆತಗಳು), ಅದಕ್ಕೆ ಎರಡು, ಅದರ ಮೇಲೆ ಆ ಹೋಲ್‌ನಲ್ಲಿ ಆಟಗಾರನಿಗೆ ಸಿಗುವ ಹ್ಯಾಂಡಿಕ್ಯಾಪ್ ಹೊಡೆತಗಳು (ಸ್ಕೋರಿನಿಂದ ಕಳೆಯಲು ಕೊಡುವ ರಿಯಾಯಿತಿ). ಆ ದಿನದ ಮೈದಾನದಲ್ಲಿ 24 ಹೊಡೆತಗಳ ಹ್ಯಾಂಡಿಕ್ಯಾಪ್ ಇರುವ ಒಬ್ಬರು, ಸ್ಕೋರ್‌ಕಾರ್ಡಿನಲ್ಲಿ ಸ್ಟ್ರೋಕ್ ಇಂಡೆಕ್ಸ್ (ಹ್ಯಾಂಡಿಕ್ಯಾಪ್ ಹೊಡೆತಗಳನ್ನು ಹೋಲ್‌ಗಳಿಗೆ ಹಂಚುವ ಸರದಿ) 15 ಎಂದಿರುವ, ಮುಂದೆ ಕೆರೆಯಿರುವ ಪಾರ್ ಮೂರರ ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತಿದ್ದಾರೆನ್ನಿ. ಮೊದಲ ಚೆಂಡು ನೀರಿಗೆ ಬಿತ್ತು, ದಂಡ ಸೇರಿ ಎರಡಾಯಿತು. ಮೂರನೆಯ ಹೊಡೆತವೂ ನೀರಿಗೆ, ದಂಡ ಸೇರಿ ನಾಲ್ಕಾಯಿತು. ಐದನೆಯದು ಹೇಗೋ ಗುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಹತ್ತಿ ಒಂದು ಅಂಚಿನಲ್ಲಿ ನಿಂತಿತು. ಈ ಹೋಲ್‌ನಲ್ಲಿ ಅವರಿಗೆ ಸಿಗುವುದು ಒಂದು ಹೊಡೆತವಾದ್ದರಿಂದ ಮಿತಿ ಆರು. ಇಂಥ ಹೊತ್ತಿನಲ್ಲಿ ಆಟಗಾರನ ಕಿಟ್ಟು ಹೊರುವ ಅನುಭವಿ ಕ್ಯಾಡಿ, ಪಟ್ ಹೊಡೆಯುವ ಕೋಲಾದ ಪಟರನ್ನು ಕೈಗೆ ಕೊಡುತ್ತಾ ಹೇಳುವ ಮಾತನ್ನು ಬೆಂಗಳೂರಿನ ಮೈದಾನಗಳಲ್ಲಿ ನಾನು ಕೇಳಿದ್ದೇನೆ: “ಸಾರ್, ಇದು ಹೋದ್ರೆ ಹೋಯ್ತು, ಇಲ್ಲಾಂದ್ರೆ ಚೆಂಡು ಎತ್ಕೊಂಡ್ಬಿಡಿ. ಆರು ಅಂತ ಬರ್ಕೊಂಡು ಮುಂದಿನ ಟೀಗೆ ಹೋಗೋಣ.” ಆ ಪಟ್ ತಪ್ಪಿ, ಮತ್ತೊಂದು ತಪ್ಪಿ, ಎಂಟು ಎಂದು ಬರೆದುಕೊಂಡು ಮುಂದಿನ ಟೀ ಮೇಲೆ ಹಲ್ಲು ಕಚ್ಚಿ ಡ್ರೈವರ್ ಬೀಸುವುದಕ್ಕೂ, ಇದಕ್ಕೂ ಇರುವ ವ್ಯತ್ಯಾಸವನ್ನು ಆಡಿದವರೇ ಬಲ್ಲರು. ಒಟ್ಟು ಹೊಡೆತಗಳನ್ನು ಎಣಿಸುವ ಮಾಮೂಲು ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಚೆಂಡನ್ನು ಗುಳಿಗೆ ಹಾಕಲೇಬೇಕು, ಎತ್ತಿಕೊಳ್ಳುವಂತಿಲ್ಲ. ಆದರೆ ಅಲ್ಲಿಯೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹೋಗುವಾಗ ಆ ಎಂಟು ಆರಕ್ಕೆ ಇಳಿಯುತ್ತದೆ.

ಈ ಇಳಿಕೆ ಕೊನೆಯ ಅಂಕಿಯಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನೂ ಹೇಳಬೇಕು. ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಂದ ನಿರೀಕ್ಷಿಸುವ ಸ್ಕೋರ್) 71.4, ಸ್ಲೋಪ್ (ಸಾಮಾನ್ಯ ಆಟಗಾರನಿಗೆ ಮೈದಾನ ಎಷ್ಟು ಕಷ್ಟವೆಂಬ ಅಳತೆ) 128 ಇರುವ ಒಂದು ಮೈದಾನವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡು ಹೋಲ್‌ಗಳಲ್ಲಿ ಎಡವಿ 102 ಹೊಡೆದವರ ಸ್ಕೋರ್ ಮಿತಿಯ ನಂತರ 98 ಆಯಿತೆಂದರೆ, ಅದರಿಂದ 71.4 ಕಳೆದು, ಸ್ಲೋಪ್‌ನ ಸಾಧಾರಣ ಮಟ್ಟವಾದ 113ರಿಂದ ಗುಣಿಸಿ, 128ರಿಂದ ಭಾಗಿಸಿದಾಗ, ಇಂಡೆಕ್ಸ್ ಲೆಕ್ಕಕ್ಕೆ ಹೋಗುವ ಹೊಂದಿಸಿದ ಸ್ಕೋರ್ ಬರುವುದು 23.5. ಮಿತಿಯೇ ಇಲ್ಲದಿದ್ದರೆ ಅದು 27.0 ಆಗುತ್ತಿತ್ತು. ಇಡೀ ದಿನ ಹಾಳಾಯಿತೆಂದು ಮನೆಗೆ ಹೊರಟವರಿಗೆ ಈ 23.5 ಎಂಬ ಅಂಕಿ, ದಿನದ ಬಹುಪಾಲು ಆಟ ಹಾಳಾಗಿರಲಿಲ್ಲವೆಂಬ ಸತ್ಯವನ್ನು ತೋರಿಸುತ್ತದೆ.

ಇದೇ ವಿಚಾರವನ್ನು ಇನ್ನಷ್ಟು ಸರಳವಾಗಿ ಮುಂದಿಡುವ ಒಂದು ಆಟದ ಕ್ರಮ ಹ್ಯಾಂಡಿಕ್ಯಾಪ್ ಜೊತೆಯಲ್ಲೇ ದೊರೆಯುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ ಸಮೀಪ, ಸಮುದ್ರದ ಗಾಳಿ ಬೀಸುವ ವಾಲಸಿ ಎಂಬಲ್ಲಿ ಆಡುತ್ತಿದ್ದ ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್, ಮೊದಲ ಕೆಲವು ಹೋಲ್‌ಗಳಲ್ಲಿಯೇ ಸ್ಕೋರ್ ಕೆಟ್ಟು ಕಾರ್ಡ್ ಹರಿದುಹಾಕುವ ಸದಸ್ಯರನ್ನು ಕಂಡು, ಅವರು ಆಟದಲ್ಲಿ ಉಳಿಯಲೆಂದೇ ಅಂಕ ಪದ್ಧತಿಯೊಂದನ್ನು ರೂಪಿಸಿದರು. ವಾಲಸಿಯಲ್ಲಿ ಅದನ್ನು 1932ರಲ್ಲಿ ಸ್ಪರ್ಧೆಗೆ ಬಳಸಲಾಯಿತು. ಹ್ಯಾಂಡಿಕ್ಯಾಪ್ ಕಳೆದ ನಂತರ ಪಾರ್ ಬಂದರೆ ಎರಡು ಅಂಕ, ಬೋಗಿಗೆ (ಪಾರ್‌ಗಿಂತ ಒಂದು ಹೆಚ್ಚು) ಒಂದು, ಬರ್ಡಿಗೆ (ಪಾರ್‌ಗಿಂತ ಒಂದು ಕಡಿಮೆ) ಮೂರು, ಡಬಲ್ ಬೋಗಿ (ಎರಡು ಹೆಚ್ಚು) ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಹತ್ತು ಹೊಡೆದರೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಹದಿನೆಂಟು ಹೋಲ್‌ಗಳಿಗೆ 36 ಅಂಕ ಬಂದರೆ ತನ್ನ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡಿದ ಹಾಗೆ. ಗಾಲ್ಫ್ ಬಿಡುವ ಯೋಚನೆಯಲ್ಲಿರುವವರು ಕೆಲವು ತಿಂಗಳ ಮಟ್ಟಿಗೆ ಒಟ್ಟು ಹೊಡೆತಗಳನ್ನು ಎಣಿಸುವುದನ್ನೇ ನಿಲ್ಲಿಸಿ, ಸ್ಟೇಬಲ್‌ಫರ್ಡ್ ಅಂಕಗಳನ್ನು ಮಾತ್ರ ಬರೆದುಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಒಂದು ವೈದ್ಯರ ಚೀಟಿಯಂತೆಯೇ ಇದನ್ನು ಪಾಲಿಸಬಹುದು.

ಹೊಸಬರ ವಿಷಯದಲ್ಲೂ ಈ ಪದ್ಧತಿ ಉದಾರವಾಗಿದೆ. ಹಿಂದೆ ಅಮೆರಿಕದ ಪದ್ಧತಿಯಲ್ಲಿ ಪುರುಷರಿಗೆ 36.4, ಮಹಿಳೆಯರಿಗೆ 40.4 ಇದ್ದ ಮೇಲ್ಮಿತಿ ಈಗ ಎಲ್ಲರಿಗೂ 54.0 ಆಗಿದೆ. ಅಂದರೆ ಕಲಿಯುವ ಹಂತದಲ್ಲಿರುವವರಿಗೆ ಪ್ರತಿ ಹೋಲ್‌ಗೂ ಸುಮಾರು ಮೂರು ಹೊಡೆತಗಳ ಆಸರೆ ಇದೆ, ಪಾರ್ ನಾಲ್ಕನ್ನು ಏಳರಲ್ಲಿ ಮುಗಿಸಿದರೂ ಅವರ ಲೆಕ್ಕದಲ್ಲಿ ಅದು ಪಾರ್. ಮೊದಲ ಇಂಡೆಕ್ಸ್ ಪಡೆಯಲು ಒಟ್ಟು 54 ಹೋಲ್‌ಗಳ ಸ್ಕೋರ್ ಸಾಕು. ಒಮ್ಮೆ ಇಂಡೆಕ್ಸ್ ಸಿಕ್ಕ ಮೇಲೆ ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಡುವವರು ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿಗೆ ಹೋದರೆ, ಅಲ್ಲಿನ ರೇಟಿಂಗ್ ಮತ್ತು ಸ್ಲೋಪ್‌ಗೆ ತಕ್ಕಂತೆ ಆ ದಿನದ ಹೊಡೆತಗಳ ಸಂಖ್ಯೆ ಹೊಂದಿಕೊಳ್ಳುತ್ತದೆ. ಸಾಕಷ್ಟು ಆಟಗಾರರು ಸ್ಕೋರ್ ಸಲ್ಲಿಸಿದ್ದ ಪಕ್ಷದಲ್ಲಿ, ಮಳೆ ಗಾಳಿಯಿಂದ ಎಲ್ಲರ ಆಟವೂ ಕೆಟ್ಟ ದಿನಕ್ಕೆ ಗರಿಷ್ಠ ಮೂರು ಹೊಡೆತಗಳವರೆಗೆ ರಿಯಾಯಿತಿಯೂ ಉಂಟು.

ಇನ್ನು ದೋಷಗಳು. ಹತಾಶೆಯ ದೃಷ್ಟಿಯಿಂದ ನೋಡಿದರೆ ಇದರ ಅತ್ಯಂತ ದೊಡ್ಡ ದೋಷ, ಹಳೆಯ ಒಳ್ಳೆಯ ಸ್ಕೋರ್ ಪಟ್ಟಿಯಿಂದ ಉದುರಿದಾಗ ಬೀಳುವ ಪೆಟ್ಟು. ಇಪ್ಪತ್ತರ ಪಟ್ಟಿಗೆ ಹೊಸ ಸ್ಕೋರ್ ಸೇರಿದೊಡನೆ ಅತಿ ಹಳೆಯದು ಹೊರಗೆ ಹೋಗುತ್ತದೆ. ಹಾಗೆ ಹೋದದ್ದು ಹೊಂದಿಸಿದ ಲೆಕ್ಕದಲ್ಲಿ 16.0 ಆಗಿದ್ದು, ಅತ್ಯುತ್ತಮ ಎಂಟರಲ್ಲಿ ಅದರ ಜಾಗಕ್ಕೆ 24.0 ಬಂದರೆ, ಎಂಟರ ಸರಾಸರಿಯಾದ್ದರಿಂದ ಇಂಡೆಕ್ಸ್ ಒಮ್ಮೆಲೇ 1.0 ಏರುತ್ತದೆ. ನಿನ್ನೆ ಎಂದಿನಂತೆಯೇ ಆಡಿದವರಿಗೆ ಇಂದು ಬೆಳಗ್ಗೆ ಮೊಬೈಲಿನಲ್ಲಿ, ಆಟ ಕೆಟ್ಟಿತೆಂಬ ಸೂಚನೆ ಸಿಕ್ಕಂತಾಗುತ್ತದೆ. ಆಟ ಕೆಟ್ಟಿರುವುದಿಲ್ಲ, ಹಳೆಯದೊಂದು ಒಳ್ಳೆಯ ದಿನದ ಅವಧಿ ಮುಗಿದಿರುತ್ತದೆ ಅಷ್ಟೇ. ಆದ್ದರಿಂದ ಒಂಟಿ ಅಂಕಿಯನ್ನು ನೋಡುವುದರ ಬದಲು ಇಪ್ಪತ್ತು ಸ್ಕೋರ್‌ಗಳ ಪಟ್ಟಿಯನ್ನೇ ತೆರೆದು, ಲೆಕ್ಕಕ್ಕೆ ಬಂದ ಎಂಟು ಯಾವುವು, ಅವುಗಳಲ್ಲಿ ಮುಂದೆ ಹೊರಗೆ ಹೋಗಲಿರುವುದು ಯಾವುದು ಎಂದು ಗಮನಿಸುವ ಅಭ್ಯಾಸ ಬೆಳೆಸಿಕೊಳ್ಳುವುದು ಒಳ್ಳೆಯದು.

ಎರಡನೆಯ ದೋಷ, ನಿಜವಾಗಿಯೂ ಆಟ ಇಳಿದವರ ವಿಷಯದಲ್ಲಿ ಈ ಪದ್ಧತಿ ನಿಧಾನವಾಗಿ ಸ್ಪಂದಿಸುತ್ತದೆ. ಹಿಂದಿನ ಒಂದು ವರ್ಷದ ಅತಿ ಕಡಿಮೆ ಇಂಡೆಕ್ಸಿಗಿಂತ 3.0 ಏರಿದ ಮೇಲೆ ಮುಂದಿನ ಏರಿಕೆಯಲ್ಲಿ ಅರ್ಧವನ್ನು ಮಾತ್ರ ಕೊಡಲಾಗುತ್ತದೆ, 5.0ಕ್ಕೆ ಏರಿಕೆ ಪೂರ್ತಿ ನಿಲ್ಲುತ್ತದೆ. ಬೇಕೆಂದೇ ಕೆಟ್ಟ ಸ್ಕೋರ್ ಕೊಟ್ಟು ಹ್ಯಾಂಡಿಕ್ಯಾಪ್ ಹಿಗ್ಗಿಸಿಕೊಳ್ಳುವವರನ್ನು ತಡೆಯಲು ಈ ನಿಯಮ ಅಗತ್ಯವೆಂಬುದನ್ನು ಒಪ್ಪುತ್ತೇನೆ. ಆದರೆ ಬೆನ್ನುನೋವಿನಿಂದ ಎದ್ದು ಬಂದವರಿಗೆ, ವಯಸ್ಸಿನಿಂದ ಹೊಡೆತದ ದೂರ ಕುಗ್ಗಿದವರಿಗೆ, ತಿಂಗಳುಗಟ್ಟಲೆ ತಮಗೆ ಎಟುಕದ ಇಂಡೆಕ್ಸ್ ಹೊತ್ತು ಆಡುವುದು ಬೇಸರವನ್ನು ಇಮ್ಮಡಿಗೊಳಿಸುತ್ತದೆ. ಇಂಥ ಸಂದರ್ಭದಲ್ಲಿ ಇಂಡೆಕ್ಸನ್ನು ಪರಿಶೀಲಿಸಿ ಹೊಂದಿಸುವ ಅಧಿಕಾರ ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿಗೆ ಇದೆ. ಕೇಳದೆ ಸುಮ್ಮನಿರುವ ಬದಲು ವೈದ್ಯಕೀಯ ಕಾರಣವನ್ನು ತಿಳಿಸಿ ಸಮಿತಿಗೆ ಪತ್ರ ಬರೆಯಬೇಕು.

ಮೂರನೆಯದು ಪದ್ಧತಿಯ ದೋಷಕ್ಕಿಂತ ನಮ್ಮಲ್ಲಿನ ಪರಿಸ್ಥಿತಿಯ ದೋಷ. ನಮ್ಮ ದೇಶದಲ್ಲಿ ಈ ವ್ಯವಸ್ಥೆ ಇಂಡಿಯನ್ ಗಾಲ್ಫ್ ಯೂನಿಯನ್ನಿನ ಆಡಳಿತದಲ್ಲಿದೆ, ಮತ್ತು ಆಟಗಾರನಿಗೆ ಅದು ತಲುಪುವುದು ಮುಖ್ಯವಾಗಿ ಕ್ಲಬ್‌ಗಳ ಮೂಲಕ. ಡ್ರೈವಿಂಗ್ ರೇಂಜಿನಲ್ಲಿ ಕಲಿತು, ಆಗೊಮ್ಮೆ ಈಗೊಮ್ಮೆ ಗ್ರೀನ್ ಫೀ ಕೊಟ್ಟು ಆಡುವವರು ಈ ವ್ಯವಸ್ಥೆಯ ಹೊರಗೇ ಉಳಿಯುವುದು ಹೆಚ್ಚು, ಆಟ ಬಿಡುವ ಯೋಚನೆ ಹೆಚ್ಚಾಗಿ ಕಾಡುವುದೂ ಅವರನ್ನೇ. ಅಂಥವರು ಅಧಿಕೃತ ಇಂಡೆಕ್ಸ್ ಸಿಗುವವರೆಗೆ ಕೈಬರಹದಲ್ಲೇ ಇದನ್ನು ಅನುಸರಿಸಬಹುದು: ಯಾವ ಹೋಲ್‌ನಲ್ಲೂ ಪಾರ್‌ಗಿಂತ ಐದಕ್ಕೂ ಹೆಚ್ಚು ಬರೆಯದಿರುವುದು, ಇಪ್ಪತ್ತರಲ್ಲಿ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಪಾರ್ ಮೇಲೆ ಐದು ಎಂಬ ಮಿತಿ, ಇಂಡೆಕ್ಸ್ ಇನ್ನೂ ಸಿಗದವರಿಗಾಗಿ ಈ ಪದ್ಧತಿಯೇ ಇಟ್ಟಿರುವ ನಿಯಮ.

ಈ ಸೇವೆ ಮಾಡದ ಕೆಲಸಗಳೂ ಇವೆ. ಸ್ವಿಂಗ್‌ನಲ್ಲಿ ದೋಷವಿದ್ದರೆ ಕೋಚ್ ಬಳಿಗೇ ಹೋಗಬೇಕು. ಎರಡು ಅಡಿಯ ಪಟ್‌ಗೆ ಕೈ ನಡುಗುವವರಿಗೆ, ಮೈದಾನದಿಂದ ಮನೆಗೂ ಕೋಪ ಹೊತ್ತು ಬರುವವರಿಗೆ, ಅಂಕಿಗಳಿಗಿಂತ ಕೆಲವು ವಾರಗಳ ವಿರಾಮವೇ ಹೆಚ್ಚು ಉಪಕಾರಿ. ಅವರು ಆ ಅವಧಿಯಲ್ಲಿ ಮೊಬೈಲಿನಿಂದ ಇಂಡೆಕ್ಸ್ ಆ್ಯಪನ್ನೂ ತೆಗೆದಿಡಲಿ.

ವಿರಾಮ ಮುಗಿಸಿ ಮರಳುವವರು ಒಂಬತ್ತು ಹೋಲ್‌ಗಳಿಂದ ಶುರುಮಾಡುವುದು ಲೇಸು. 2024ರ ಪರಿಷ್ಕರಣೆ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ. ಅದಕ್ಕೆ ಮೊದಲು ಒಂಬತ್ತು ಹೋಲ್‌ಗಳ ಸ್ಕೋರ್, ಜೊತೆಗೂಡಿಸಲು ಇನ್ನೊಂದು ಒಂಬತ್ತು ಬರುವವರೆಗೆ ಕಾಯಬೇಕಿತ್ತು. ಈಗ ಇಂಡೆಕ್ಸ್ ಇರುವವರ ಉಳಿದ ಒಂಬತ್ತಕ್ಕೆ ಅವರಿಂದ ನಿರೀಕ್ಷಿಸಬಹುದಾದ ಆಟವನ್ನು ಸೇರಿಸಿ, ಆಡಿದ ದಿನವೇ ಲೆಕ್ಕ ಮಾಡಲಾಗುತ್ತದೆ. ಆದ್ದರಿಂದ ಬೆಳಗಿನ ಮೊದಲ ಟೀ ಸಮಯ ಹಿಡಿದು, ಎರಡು ಗಂಟೆಯೊಳಗೆ ಒಂಬತ್ತು ಹೋಲ್ ಮುಗಿಸಿ, ಬೇಸರ ಹುಟ್ಟುವ ಮೊದಲೇ ಮನೆಗೆ ಹೊರಟರೂ ಆ ದಿನದ ಆಟ ದಾಖಲೆಗೆ ಸೇರುತ್ತದೆ.