ಫೈಟರ್ ಮೀನಿನ ಜೊತೆ ಟೈಗರ್ ಬಾರ್ಬ್ ಕೊಟ್ಟರೆ ದಯವಿಟ್ಟು ತಗೋಬೇಡಿ

ಫೈಟರ್ ಮೀನು ತರೋಕೆ ಹೊರಟಿದ್ದೀರಾ? ಇದನ್ನು ಓದಿ ಆಮೇಲೆ ಹೋಗಿ. ಫೈಟರ್ ಇರುವ ಟ್ಯಾಂಕಿಗೆ ಟೈಗರ್ ಬಾರ್ಬ್ ಅನ್ನುವ ಪಟ್ಟೆ ಪಟ್ಟೆ ಮೀನು ಹಾಕಬೇಡಿ. ಅಂಗಡಿಯವರು ಎಷ್ಟೇ ಹೇಳಲಿ, ಗ್ಯಾರಂಟಿ ಅನ್ನಲಿ, ಹಾಕಬೇಡಿ. ನಾನು ಹಾಕಿದೆ. ಹನ್ನೊಂದನೇ ದಿನ ನನ್ನ ಮಗಳ ಮೀನು ಸತ್ತುಹೋಯಿತು.

ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ನಾಚಿಕೆ ಆಗುತ್ತದೆ. ಬ್ಯಾಂಕಿನಲ್ಲಿ ಕೂತು ದಿನಾ ಜನರಿಗೆ ಮೋಸ ಹೋಗಬೇಡಿ, ಓಟಿಪಿ ಹೇಳಬೇಡಿ ಅಂತ ಹೇಳುವವಳು ನಾನು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಅಂಗಡಿಯವರು ನಾಳೆ ಇನ್ನೊಬ್ಬರಿಗೆ ಇದನ್ನೇ ಮಾಡುತ್ತಾರೆ.

ಮಗಳಿಗೆ ಒಂಬತ್ತು ತುಂಬಿತು. ಎರಡು ವರ್ಷದಿಂದ ಮೀನು ಬೇಕು ಅಂತಿದ್ದಳು. ಮೈಸೂರಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಅಂಗಡಿ ಇದೆ, ಹೆಸರು ಬರೆಯುವುದಿಲ್ಲ. ಭಾನುವಾರ ಹೋದೆವು. ಒಂದು ಶೆಲ್ಫಿನ ತುಂಬ ಚಿಕ್ಕ ಚಿಕ್ಕ ಬಾಟಲಿ, ಒಂದೊಂದರಲ್ಲಿ ಒಂದೊಂದು ಫೈಟರ್, ನಡುನಡುವೆ ರಟ್ಟಿನ ತುಂಡು. ಯಾಕೆ ಹೀಗೆ ಬೇರೆ ಬೇರೆ ಇಟ್ಟಿದ್ದೀರಿ ಅಂತ ಕೇಳಿದೆ. "ಎರಡು ಗಂಡು ಒಟ್ಟಿಗೆ ಇದ್ರೆ ಕಚ್ಚಾಡ್ತವೆ ಮೇಡಂ. ಬೇರೆ ಜಾತಿ ಮೀನಿಗೆ ಏನೂ ಮಾಡಲ್ಲ" ಅಂದರು. ಮೊದಲನೇ ಮಾತು ನಿಜ. ಆ ನಿಜದ ಜೊತೆ ಸುಳ್ಳನ್ನೂ ನಂಬಿಬಿಟ್ಟೆ.

ಮಗಳು ಒಂದು ನೀಲಿ ಗಂಡನ್ನು ಆರಿಸಿದಳು. ಬಾಲ ಅರ್ಧ ಚಂದ್ರನ ಹಾಗೆ ಬಿಚ್ಚಿಕೊಳ್ಳುತ್ತಿತ್ತು, ತುದಿಯಲ್ಲಿ ಸ್ವಲ್ಪ ಕೆಂಪು. 350 ರೂಪಾಯಿ. ಅಂಗಡಿಯಲ್ಲೇ ನೀಲಣ್ಣ ಅಂತ ಹೆಸರಿಟ್ಟಳು. ನನಗೆ ಇದೊಂದೇ ಸಾಕು ಅಂದೆ. ಇದೊಂದೇ ಸಾಕು ಅಂತ ಬಾಯಿಬಿಟ್ಟು ಹೇಳಿದ್ದೇನೆ.

"ಒಂದೂವರೆ ಅಡಿ ಟ್ಯಾಂಕಿಗೆ ಒಂದೇ ಮೀನಾ ಮೇಡಂ? ಬೋಳು ಬೋಳು ಕಾಣುತ್ತೆ. ಮಗುಗೆ ಬೇಜಾರಾಗುತ್ತೆ."

ಆಮೇಲೆ ಬಲೆ ಹಿಡಿದು ಅವರೇ ತೆಗೆದು ಹಾಕುತ್ತಾ ಹೋದರು. ಟೈಗರ್ ಬಾರ್ಬ್ ಎರಡು ಜೋಡಿ. ಗಪ್ಪಿ ಒಂದು ಜೋಡಿ. "ಗಲೀಜೆಲ್ಲ ತಿನ್ನುತ್ತೆ, ನೀವು ಟ್ಯಾಂಕ್ ತೊಳೆಯೋದೇ ಬೇಡ" ಅಂತ ಒಂದು ಸಕ್ಕರ್ ಮೀನು. ಕಚ್ಚಾಡಲ್ವಾ ಅಂತ ಮೂರು ಸಲ ಕೇಳಿದೆ. ಬಲೆ ಹಾಕುವಾಗ ಒಂದು ಸಲ, ಕವರಿಗೆ ಗಾಳಿ ತುಂಬುವಾಗ ಒಂದು ಸಲ, ದುಡ್ಡು ಕೊಡುವಾಗ ಒಂದು ಸಲ. "ಗ್ಯಾರಂಟಿ ಮೇಡಂ. ನಮ್ಮ ಮನೇಲೂ ಹಿಂಗೇ ಇಟ್ಟಿದೀನಿ." ಟ್ಯಾಂಕು, ಫಿಲ್ಟರು, ಕಲ್ಲು, ಮೀನು ಎಲ್ಲ ಸೇರಿ 3,200 ರೂಪಾಯಿ. ನೀರು ತುಂಬಿ, ಕ್ಲೋರಿನ್ ಹೋಗೋಕೆ ನಾಲ್ಕು ಹನಿ ಔಷಧಿ ಹಾಕಿ, ಅವತ್ತೇ ಮೀನು ಬಿಡಿ ಅಂದರು. ಅವತ್ತೇ ಬಿಟ್ಟೆವು.

ಮೊದಲ ಎರಡು ದಿನ ನೀಲಣ್ಣನೇ ಗಪ್ಪಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಕಿವಿರು ಅಗಲಿಸಿಕೊಂಡು ಗಂಡು ಗಪ್ಪಿಯ ಹಿಂದೆಯೇ. ಗಪ್ಪಿಗೂ ಉದ್ದ ಬಾಲ, ಮೈತುಂಬ ಬಣ್ಣ. ಅದನ್ನೂ ಫೈಟರ್ ತನ್ನಂಥದ್ದೇ ಇನ್ನೊಂದು ಗಂಡು ಅಂದುಕೊಳ್ಳುತ್ತದಂತೆ. ಇದು ನಮಗೆ ಆಮೇಲೆ ಗೊತ್ತಾಯಿತು. ಆಗ ನಾವು ನೀಲಣ್ಣನನ್ನೇ ಬೈದೆವು. ಮಗಳು ಗಾಜಿಗೆ ಬೆರಳು ತೋರಿಸಿ "ಪಾಪ ಅದು, ಬಿಡು" ಅಂತ ಗದರಿಸುತ್ತಿದ್ದಳು. ಹೆಸರೇ ಫೈಟರ್, ತಪ್ಪೆಲ್ಲ ಇದರದ್ದೇ ಅಂದುಕೊಂಡೆವು.

ಗುರುವಾರ ಬೆಳಿಗ್ಗೆ ಕಾಫಿ ಹಿಡಿದು ಟ್ಯಾಂಕಿನ ಮುಂದೆ ಕೂತಿದ್ದೆ. ಫೈಟರ್ ಮೀನಿಗೆ ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು, ಅದರ ಉಸಿರಾಟವೇ ಹಾಗೆ. ನೀಲಣ್ಣ ಫಿಲ್ಟರಿನ ಹಿಂದಿನ ಮೂಲೆಯಿಂದ ಮೆಲ್ಲಗೆ ಹೊರಗೆ ಬಂದು ಮೇಲಕ್ಕೆ ಹೊರಟ. ಅಷ್ಟಕ್ಕೇ ಕಾದಿದ್ದಂತೆ ಒಂದು ಬಾರ್ಬ್ ಕೆಳಗಿನಿಂದ ಬಾಣದ ಹಾಗೆ ಬಂದು ಬಾಲಕ್ಕೆ ಬಾಯಿ ಹಾಕಿ ಎಳೆದು ಓಡಿತು. ಅದರ ಹಿಂದೆ ಇನ್ನೊಂದು. ನೀಲಣ್ಣ ಗಾಳಿ ತಗೊಳ್ಳದೆಯೇ ಮತ್ತೆ ಮೂಲೆಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ, ಮತ್ತೆ ಕಚ್ಚಿದವು. ಹತ್ತಿರ ಹೋಗಿ ನೋಡಿದೆ. ಬಾಲದ ಅಂಚಿನಲ್ಲಿ ಉಗುರಿನಲ್ಲಿ ಚಿವುಟಿದ ಹಾಗೆ ತೂತು ತೂತು. ಕೆಂಪು ತುದಿ ಇರಲೇ ಇಲ್ಲ.

ವಿಡಿಯೋ ಮಾಡಿ ಅಂಗಡಿಯವರಿಗೆ ವಾಟ್ಸಾಪ್ ಕಳಿಸಿದೆ. ವಾಯ್ಸ್ ಮೆಸೇಜ್ ಬಂತು: "ಹೊಸದು ಅಲ್ವಾ ಮೇಡಂ, ಆಟ ಆಡ್ತವೆ. ಎರಡು ದಿನ ಬಿಡಿ, ಹೊಂದ್ಕೋತವೆ."

ಎರಡು ದಿನ ಬಿಟ್ಟೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ. ಕಣ್ಣಾರೆ ನೋಡಿದ್ದೆ. ನೋಡಿಯೂ ಅವರ ಮಾತು ಕೇಳಿ ಎರಡು ದಿನ ಬಿಟ್ಟೆ. ಅವತ್ತೇ ಬಾರ್ಬ್‌ಗಳನ್ನು ಬಕೆಟ್ಟಿಗೆ ತೆಗೆದಿದ್ದರೆ ಉಳಿಯುತ್ತಿತ್ತೋ ಏನೋ.

ಶುಕ್ರವಾರ ಅರ್ಧ ಬಾಲ ಇತ್ತು. ಮತ್ತೆ ಫೋಟೋ ಕಳಿಸಿದೆ. "ಕಲ್ಲಿಗೆ ಉಜ್ಜಿಕೊಂಡಿರುತ್ತೆ." ಅಲ್ಲ, ಕಚ್ಚುವ ವಿಡಿಯೋ ಕಳಿಸಿದ್ದೀನಲ್ಲ ಅಂದೆ. "ನಿಮ್ಮ ನೀರು ಸರಿ ಇಲ್ಲ ಅನ್ಸುತ್ತೆ. ಬಂದು ನೀಲಿ ಔಷಧಿ ತಗೊಂಡು ಹೋಗಿ, 80 ರೂಪಾಯಿ."

ಶನಿವಾರ ಸಂಜೆ ಔಷಧಿಗೆ ಅಂತ ಹೋದೆ. ಅಂಗಡಿಯಲ್ಲಿ ಜನ ಇದ್ದರು, ನಾನು ಬಾಗಿಲ ಹತ್ತಿರವೇ ನಿಂತೆ. ಕಾಲೇಜು ಹುಡುಗನೊಬ್ಬ ಟೈಗರ್ ಬಾರ್ಬ್ ತೋರಿಸಿ ಬೆಲೆ ಕೇಳುತ್ತಿದ್ದ. ಮನೆಯಲ್ಲಿ ಬೇರೆ ಏನಿದೆ ಅಂತ ಅಂಗಡಿಯವರು ಕೇಳಿದರು. ಫೈಟರ್ ಇದೆ ಅಂದ. ಅದಕ್ಕೆ ಅವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ.

"ಫೈಟರ್ ಜೊತೆ ಇದನ್ನ ಹಾಕ್ಬೇಡಪ್ಪ. ರೆಕ್ಕೆ ಎಲ್ಲ ಕಿತ್ತು ತಿಂದ್ಬಿಡುತ್ತೆ."

ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ನಾನು ಅಲ್ಲಿಯವರೆಗೂ ಪಾಪ, ಅವರಿಗೂ ತಿಳಿದಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಆ ಹುಡುಗ ತಿಳಿದವನ ಹಾಗೆ ಕಂಡ, ಅವನಿಗೆ ನಿಜ ಹೇಳಿದರು. ನಾನು ಮಗು ಕೈ ಹಿಡಿದು ಬಂದ ಹೆಂಗಸು, ಏನು ಕೊಟ್ಟರೂ ತಗೊಂಡು ಹೋಗುತ್ತಾಳೆ ಅಂತ ಕೊಟ್ಟರು. ಕೈಕಾಲು ನಡುಗಿತು. ಎಲ್ಲರ ಮುಂದೆಯೇ ಕೇಳಿದೆ, ಮತ್ತೆ ನನಗೆ ಯಾಕೆ ಕೊಟ್ಟಿರಿ ಅಂತ.

"ಅವನು ಕೇಳ್ದ, ಹೇಳ್ದೆ. ನೀವು ಕೇಳ್ಲಿಲ್ಲ ಮೇಡಂ."

ಮೂರು ಸಲ ಕೇಳಿದ್ದೆ! ಮೂರು ಸಲ! ಮಗಳು ಪಕ್ಕದಲ್ಲೇ ಇದ್ದಳು. ಬಾರ್ಬ್ ವಾಪಸ್ ತಗೊಳ್ಳಿ ಅಂದೆ. "ಜೀವ ಇರೋದು ಮೇಡಂ, ಒಂದ್ಸಲ ಅಂಗಡಿ ಬಿಟ್ಟು ಹೋದ್ರೆ ವಾಪಸ್ ಇಲ್ಲ" ಅಂತ ಗಲ್ಲಾದ ಮೇಲಿನ ಬೋರ್ಡು ತೋರಿಸಿದರು.

ಮನೆಗೆ ಬಂದು ಬಾರ್ಬ್‌ಗಳನ್ನು ಬಕೆಟ್ಟಿಗೆ ಹಾಕಿದೆ. ನಮ್ಮ ಎದುರುಮನೆ ಹುಡುಗ ನಾಲ್ಕು ವರ್ಷದಿಂದ ಮೀನು ಸಾಕುತ್ತಾನೆ, ಅವನನ್ನು ಕರೆದೆ. ಒಂದು ಗಾಜಿನ ಕೊಳವೆಗೆ ನಮ್ಮ ಟ್ಯಾಂಕಿನ ನೀರು ಹಾಕಿ ಹನಿ ಬಿಟ್ಟ. ಹಳದಿ ಇರಬೇಕು ಆಂಟಿ ಅಂದ. ಕಡು ಹಸಿರಾಯಿತು. ಅಮೋನಿಯ, ಮೀನಿನ ಗಲೀಜಿನಿಂದ ಆಗುವ ವಿಷ. ಹೊಸ ಟ್ಯಾಂಕಿನಲ್ಲಿ ಮೀನಿನ ಗಲೀಜನ್ನು ಅರಗಿಸುವ ಬ್ಯಾಕ್ಟೀರಿಯ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕಂತೆ. ನಾವು ಮೊದಲ ದಿನವೇ ಎಂಟು ಮೀನು ಬಿಟ್ಟಿದ್ದೆವು. ಅದರಲ್ಲೂ ಗಲೀಜು ತಿನ್ನುತ್ತೆ ಅಂದ ಸಕ್ಕರ್, ಮೀನಿನ ಹೇಲನ್ನು ತಿನ್ನುವುದೇ ಇಲ್ಲ. ತಾನೇ ಎಲ್ಲರಿಗಿಂತ ಜಾಸ್ತಿ ಗಲೀಜು ಮಾಡುತ್ತದೆ, ಒಂದಡಿಗಿಂತ ಉದ್ದ ಬೆಳೆಯುತ್ತದೆ. ಟ್ಯಾಂಕಿರುವುದೇ ಒಂದೂವರೆ ಅಡಿ. ಫಿಲ್ಟರಿನ ರಭಸವೂ ಜಾಸ್ತಿ ಅಂದ. ಫೈಟರ್ ಅಂದರೆ ಗದ್ದೆ ನೀರು, ಜೌಗು ಅಂಥ ನಿಂತ ನೀರಿನ ಮೀನು, ಇಷ್ಟು ಸೆಳೆತಕ್ಕೆ ಈಜಿ ಈಜಿ ಸುಸ್ತಾಗುತ್ತದೆ ಆಂಟಿ ಅಂದ.

ದಿನಾ ಸ್ವಲ್ಪ ನೀರು ಬದಲಾಯಿಸಿದೆವು. ಕಚ್ಚಿದ ಜಾಗಕ್ಕೆ ಬಿಳಿ ಅಂಚು ಬಂದು ಒಳಗೊಳಗೆ ಕೊಳೆಯುತ್ತಾ ಹೋಯಿತು. ಬುಧವಾರ ಬೆಳಿಗ್ಗೆ ಮಗಳೇ ಮೊದಲು ನೋಡಿದಳು.

ಅಂಗಡಿಯವರಿಗೆ ಫೋಟೋ ಕಳಿಸಿದೆ. ಒಂದು ಮಾತು ಕ್ಷಮಿಸಿ ಅನ್ನಬಹುದಿತ್ತು. ಬಂದ ಉತ್ತರ: "50 ರೂಪಾಯಿ ಕಮ್ಮಿ ಮಾಡ್ಕೊಡ್ತೀನಿ, ಬನ್ನಿ. ಸೇಮ್ ಕಲರ್ ಇದೆ. ಮಗುಗೆ ಗೊತ್ತಾಗಲ್ಲ."

ಮಗುಗೆ ಗೊತ್ತಾಗಲ್ಲವಂತೆ. ಎರಡು ದಿನ ಸರಿಯಾಗಿ ಊಟ ಮಾಡಿಲ್ಲ ಅವಳು. ನಾನೇ ಬೈದಿದ್ದೆ ಅಮ್ಮ ಅದಕ್ಕೆ, ಅಂತ ಅಳುತ್ತಾಳೆ. ಆಮೇಲೆ ನನ್ನ ಯಾವ ಮೆಸೇಜಿಗೂ ಉತ್ತರ ಇಲ್ಲ, ನೀಲಿ ಟಿಕ್ ಮಾತ್ರ.

ಮೀನು ತರುವವರಿಗೆ ಇಷ್ಟು ಹೇಳುತ್ತೇನೆ. ಫೈಟರ್ ಒಂಟಿಯಾಗಿ ಇರುವ ಮೀನು, ಅದಕ್ಕೆ ಬೇಜಾರಾಗಲ್ಲ. ಟ್ಯಾಂಕು ಬೋಳು ಕಾಣುತ್ತದೆ ಅನ್ನುವುದು ವ್ಯಾಪಾರದ ಮಾತು, ನಾಲ್ಕು ಗಿಡ ಹಾಕಿ. ಬಾರ್ಬ್ ಬೇಡ, ಗಂಡು ಗಪ್ಪಿ ಬೇಡ, ಗೌರಾಮಿ ಬೇಡ, ಅದು ಇದರ ದಾಯಾದಿ, ಜಗಳ ತಪ್ಪಿದ್ದಲ್ಲ. ಗೋಲ್ಡ್ ಫಿಶ್ ಅಂತೂ ಬೇಡವೇ ಬೇಡ, ಅದಕ್ಕೆ ತಣ್ಣನೆ ನೀರು ಬೇಕು, ಇದಕ್ಕೆ 25-26 ಡಿಗ್ರಿ ಬೆಚ್ಚಗಿನ ನೀರು ಬೇಕು. ಜೊತೆ ಬೇಕೇ ಬೇಕು ಅಂದರೆ ನಲವತ್ತು ಲೀಟರಿಗಿಂತ ದೊಡ್ಡ ಟ್ಯಾಂಕು ತಗೊಂಡು, ತಳದಲ್ಲಿ ತನ್ನ ಪಾಡಿಗೆ ಇರುವ ಕೋರಿಡೋರಾಸ್ ಮೀನು ಆರು ಹಾಕಿ, ಕೆಳಗೆ ಚೂಪು ಕಲ್ಲಿನ ಬದಲು ಮರಳು ಇರಲಿ. ಇಲ್ಲ ಒಂದೆರಡು ಬಸವನಹುಳು ಸಾಕು. ಒಂದೊಂದು ಫೈಟರ್ ಅದನ್ನೂ ಸಹಿಸಲ್ಲ, ಆದ್ದರಿಂದ ಬೇರೆ ಮಾಡೋಕೆ ಇನ್ನೊಂದು ಡಬ್ಬ ಮೊದಲೇ ಇಟ್ಟುಕೊಳ್ಳಿ. ಕಚ್ಚುವುದು ಕಂಡರೆ ಆ ಕ್ಷಣವೇ ತೆಗೆಯಿರಿ. ಎರಡು ದಿನ ಬಿಡಿ ಅಂತ ಯಾರೇ ಹೇಳಿದರೂ ಬಿಡಬೇಡಿ.

ಗಪ್ಪಿಗಳನ್ನು ಎದುರುಮನೆ ಹುಡುಗ ತಗೊಂಡ. ಸಕ್ಕರ್‌ಗೆ ದೊಡ್ಡ ಟ್ಯಾಂಕು ಇರುವವರು ಬೇಕು. ಕೆರೆಗೆ ಬಿಟ್ಟುಬಿಡಿ ಅಂತ ಇಬ್ಬರು ಹೇಳಿದರು, ಬಿಡಲ್ಲ, ಅದು ನಮ್ಮ ಕೆರೆಯ ಮೀನಲ್ಲ, ಇರುವ ಮೀನುಗಳಿಗೂ ತೊಂದರೆ. ನಾಲ್ಕು ಬಾರ್ಬ್ ಚೆನ್ನಾಗಿವೆ. ಅವುಗಳದ್ದು ಏನೂ ತಪ್ಪಿಲ್ಲ, ಅವು ಇರುವುದೇ ಹಾಗೆ, ಇಷ್ಟು ಕಮ್ಮಿ ಇದ್ದರೆ ಇನ್ನೂ ಜಾಸ್ತಿ ಕಚ್ಚುತ್ತವಂತೆ. ಮೈಸೂರಲ್ಲಿ ಯಾರ ಹತ್ತಿರವಾದರೂ ಬಾರ್ಬ್ ಗುಂಪೇ ಇದ್ದರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ಟ್ಯಾಂಕಿನ ಫೋಟೋ ಮೊದಲು ಕಳಿಸಿ. ಅದರಲ್ಲಿ ಫೈಟರ್ ಇದ್ದರೆ ಕೊಡುವುದಿಲ್ಲ.