ಶರಾವತಿ ಹಿನ್ನೀರಿನ ದಂಡೆಯಲ್ಲಿ ಎರಡು ರಾತ್ರಿ: ಒಂದು ಹೋಂಸ್ಟೇಯ ಅನುಭವ

ಸಾಗರ ತಾಲ್ಲೂಕಿನ ತುಮರಿ ಭಾಗದಲ್ಲಿ, ಶರಾವತಿ ಹಿನ್ನೀರಿನ ದಂಡೆಯ ಮೇಲಿರುವ ಹೋಂಸ್ಟೇ ಒಂದರಲ್ಲಿ ಫೆಬ್ರವರಿಯ ಕೊನೆಯ ವಾರ ನಾವು ಐವರು, ಅಂದರೆ ನಾವಿಬ್ಬರು, ಎಂಟು ಮತ್ತು ಹನ್ನೆರಡು ವರ್ಷದ ಹೆಣ್ಣುಮಕ್ಕಳು ಹಾಗೂ ನನ್ನ ಅತ್ತೆಯವರು, ಎರಡು ರಾತ್ರಿ ತಂಗಿದ್ದೆವು. ಮೆಚ್ಚಿದ್ದರ ಜೊತೆಗೆ ದೂರುವುದೂ ಇರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ.

ಮುಂಗಡ ಕಟ್ಟುವ ಮೊದಲು ನಾವು ನೋಡಿದ ಚಿತ್ರಗಳಲ್ಲಿ ನೀರು ಜಗಲಿಯ ಮೆಟ್ಟಿಲಿಗೆ ತಾಗುವಷ್ಟು ಹತ್ತಿರವಿತ್ತು. ಹೋಗಿ ಇಳಿದಾಗ ಅದು ಮುನ್ನೂರು ಹೆಜ್ಜೆ ಆಚೆಗಿತ್ತು. ನಡುವೆ ಬಿರುಕುಬಿಟ್ಟ ಕೆಂಪು ನೆಲ, ಅಲ್ಲಲ್ಲಿ ಕಪ್ಪಗೆ ನಿಂತ ಮರದ ಬೊಡ್ಡೆಗಳು. ಇದು ತಾನಾಗಿ ಆದ ಸರೋವರವಲ್ಲ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ನೀರು. ಮಳೆ ಚೆನ್ನಾಗಿ ಹಿಡಿದ ವರ್ಷ ಗರಿಷ್ಠ ಮಟ್ಟವಾದ 1819 ಅಡಿಯ ಸಮೀಪಕ್ಕೆ ಬರುವ ಈ ನೀರು, ವಿದ್ಯುತ್ ಉತ್ಪಾದನೆಗೆ ಬಿಡುತ್ತ ಹೋದ ಹಾಗೆ ಇಳಿಯುತ್ತದೆ. ಬೇಸಿಗೆಯಲ್ಲಿ ತೀರಾ ತಗ್ಗಿದರೆ, ಇದಕ್ಕೂ ಮೊದಲು ಕಟ್ಟಿ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆದ್ದು ಕಾಣುತ್ತದೆ. ಆದ್ದರಿಂದ ನೀರು ಸರಿದದ್ದಕ್ಕೆ ಮಾಲೀಕರು ಹೊಣೆಯಲ್ಲ, ಆದರೆ ಸರಿದಿರುತ್ತದೆ ಎಂಬುದನ್ನು ಫೋನಿನಲ್ಲಿ ಒಂದು ಮಾತು ಹೇಳದೆ ಇದ್ದದ್ದಕ್ಕೆ ಹೊಣೆ.

ಹಾಗೆಂದು ಆ ಬಯಲು ನಮಗೆ ನಷ್ಟವಾಗಲಿಲ್ಲ. ಮರುದಿನ ಬೆಳಿಗ್ಗೆ ಕಿರಿಯವಳು ಮಣ್ಣಿನಲ್ಲಿ ಅರ್ಧ ಹೂತಿದ್ದ ಒರಳುಕಲ್ಲೊಂದನ್ನು ಪತ್ತೆ ಮಾಡಿದಳು. ಅದರ ಗುಳಿಯಲ್ಲಿ ಇನ್ನೂ ಸ್ವಲ್ಪ ನೀರು ನಿಂತಿತ್ತು, ಪಕ್ಕದಲ್ಲೇ ಮನೆಯ ತಳಪಾಯದ ಕಲ್ಲಿನ ಸಾಲಿತ್ತು. ಮಾಲೀಕರ ತಾಯಿ ಊರುಗೋಲು ಹಿಡಿದು ಅಲ್ಲಿಯವರೆಗೂ ಬಂದು, ಬಚ್ಚಲು ಯಾವ ಕಡೆ ಇದ್ದಿರಬಹುದು, ಅಂಗಳ ಯಾವುದು ಎಂದು ಕೋಲಿನಿಂದಲೇ ಗೀರಿ ತೋರಿಸಿದರು. ಮುಳುಗಡೆಯಲ್ಲಿ ಗದ್ದೆ, ತೋಟ ಕಳೆದುಕೊಂಡ ಮನೆತನ ಅವರದ್ದು. ಅದೇ ಸಂಜೆ ಎರಡು ತಾಸು ಕರೆಂಟ್ ಇರಲಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಂಡೆಯಲ್ಲಿ ಚಿಮಣಿ ಹಚ್ಚಿ ಕೂರುವುದು ಹೊಸದೇನಲ್ಲ ಎಂಬಂತೆ ಮನೆಯವರು ಅದರ ಬಗ್ಗೆ ಮಾತನ್ನೇ ಎತ್ತಲಿಲ್ಲ.

ಕೋಣೆಗಳು ಸಾಧಾರಣವಾಗಿವೆ, ಚೊಕ್ಕಟವಾಗಿವೆ. ಹಂಚಿನ ಮಾಡು, ಹಂಡೆಯಲ್ಲಿ ಕಾದ ಬಿಸಿನೀರು, ಮೊಬೈಲ್ ಸಿಗ್ನಲ್ ಮಾತ್ರ ತೋಟದ ದಣಪೆಯ ಹತ್ತಿರ. ಊಟದ ವಿಷಯದಲ್ಲಿ ಇಷ್ಟು ಸಂಕ್ಷೇಪ ಮಾಡಲಾರೆ. ಬೆಳಿಗ್ಗೆ ಕಾಗದದಷ್ಟು ತೆಳುವಾದ ತೆಳ್ಳೇವು, ಅದರ ಮೇಲೆ ಜೋನಿಬೆಲ್ಲ ಮತ್ತು ತುಪ್ಪ; ಮಧ್ಯಾಹ್ನ ಒಂದೆಲಗದ ತಂಬುಳಿ, ಬಾಯಿಗಿಟ್ಟ ಕೂಡಲೇ ಮಾವಿನಮಿಡಿಯ ಪರಿಮಳ ಏರುವ ಅಪ್ಪೆಹುಳಿ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಮನೆಯಲ್ಲಿ ಸೊಪ್ಪು ಕಂಡರೆ ಮುಖ ತಿರುಗಿಸುವ ಹಿರಿಯವಳು ತಂಬುಳಿಯನ್ನು ಎರಡು ಬಾರಿ ಹಾಕಿಸಿಕೊಂಡಳು.

ನನ್ನ ನಿಜವಾದ ತಕರಾರು ದೋಣಿಯದು. ವಿಹಾರದ ಶುಲ್ಕವೂ ಸೇರಿಯೇ ನಾವು ಹಣ ಕೊಟ್ಟಿದ್ದೆವು, ಆದರೆ ಅಲ್ಲಿದ್ದ ಲೈಫ್ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು. ಕಿರಿಯವಳಿಗೆ ಹಾಕಿದರೆ ಕಿವಿಯವರೆಗೆ ಬಂದು, ಕೆಳಗಿನಿಂದ ಜಾರುತ್ತಿತ್ತು. "ಹುಟ್ಟಿದಾಗಿಂದ ಇದೇ ನೀರಲ್ಲಿ ಓಡಾಡ್ತಾ ಇದೀವಿ ಮಾರಾಯ್ರೆ, ಏನೂ ಆಗಲ್ಲ" ಎಂದು ದೋಣಿಯವರು ನಕ್ಕರು. ನೀರಿನ ಅಡಿಯಲ್ಲಿ ಕಣ್ಣಿಗೆ ಕಾಣದ ಬೊಡ್ಡೆಗಳಿರುವ, ಸರಿಯಾದ ಆಸ್ಪತ್ರೆಗೆ ಸಾಗರ ಪೇಟೆಗೇ ಹೋಗಬೇಕಾದ ಜಾಗದಲ್ಲಿ ಆ ನಗು ನಮಗೆ ಸಾಲಲಿಲ್ಲ, ನಾವು ಹತ್ತಲಿಲ್ಲ. ಲೆಕ್ಕ ಮಾಡುವಾಗ ಮಾಲೀಕರು ದೋಣಿಯ ಹಣವನ್ನು ತಕರಾರಿಲ್ಲದೆ ಹಿಂದಿರುಗಿಸಿದರು ಎಂಬುದನ್ನೂ ಹೇಳಬೇಕು.

ಹೋಗುವ ದಾರಿ ಈಗ ಸುಲಭವಾಗಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಮೇಲೆ, ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಸರದಿಯಲ್ಲಿ ನಿಲ್ಲುವ, ಸಂಜೆಯ ಕೊನೆಯ ಲಾಂಚ್ ತಪ್ಪಿತೇ ಎಂದು ಗಡಿಯಾರ ನೋಡುವ ಪ್ರಮೇಯವಿಲ್ಲ. ಅತ್ತೆಯವರಿಗೆ ಮಾತ್ರ ಲಾಂಚ್ ತಪ್ಪಿಹೋದ ಬೇಸರ. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ನೀರಿನ ಮೇಲೆಯೇ ಹೋಗಬೇಕೆಂದು ಅವರು ಮನಸ್ಸು ಮಾಡಿಕೊಂಡಿದ್ದರು.

ಊಟ ಸೇರಿ ದೊಡ್ಡವರಿಗೆ ದಿನಕ್ಕೆ 2,200 ರೂಪಾಯಿ, ಮಕ್ಕಳಿಗೆ ಅದರ ಅರ್ಧ ತೆಗೆದುಕೊಂಡರು. ಆ ಅಡುಗೆಗೆ ಇದು ಹೆಚ್ಚಲ್ಲ. ತುಂಬಿದ ನೀರನ್ನೇ ನೋಡಬೇಕೆನ್ನುವವರು ಮಳೆ ಹೊಳವಾಗುವ ಅಕ್ಟೋಬರ್ ಹೊತ್ತಿಗೆ ಹೋಗುವುದು ಒಳ್ಳೆಯದು, ಕಾಯ್ದಿರಿಸುವಾಗ ಅಂದಿನ ನೀರಿನ ಚಿತ್ರವನ್ನೇ ವಾಟ್ಸ್ಆ್ಯಪ್‌ನಲ್ಲಿ ಕೇಳಿ ತರಿಸಿಕೊಳ್ಳಬೇಕು. ಮಕ್ಕಳ ಅಳತೆಯ ಜಾಕೆಟ್ ತರಿಸಿಡುತ್ತೇನೆ ಎಂದು ಮಾಲೀಕರು ಮಾತು ಕೊಟ್ಟಿದ್ದಾರೆ. ಮುಂದಿನ ಸಲ ನಾನು ಅದರ ಚಿತ್ರವನ್ನೂ ಕೇಳುವವನಿದ್ದೇನೆ.