ವಾಕ್ಯ ಕಾರ್ಡಿನ ಡಬ್ಬಿ: ತಗೊಳ್ಳಿ, ಆದರೆ ತಿದ್ದಿಕೊಂಡು ಬಳಸಿ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ತಗೊಂಡ ಕನ್ನಡ ವಾಕ್ಯ ಕಾರ್ಡುಗಳ ಡಬ್ಬಿ ಇದು. ಬೆಲೆ 320 ರೂಪಾಯಿ. ಸೇಡಂ ಕಡೆಯ ನಮ್ಮ ಶಾಲೆಯಲ್ಲಿ ಎರಡನೇ, ಮೂರನೇ ಕ್ಲಾಸಿನ ಮಕ್ಕಳಿಗೆ ಬಳಸುತ್ತಿದ್ದೇನೆ.

ಮೂರು ಬಣ್ಣದ ಕಾರ್ಡುಗಳಿವೆ. ಹಳದಿ ಅಂದರೆ ಯಾರು, ಹಸಿರು ಅಂದರೆ ಏನು ಅಥವಾ ಎಲ್ಲಿಗೆ, ಕೆಂಪು ಅಂದರೆ ಏನು ಮಾಡಿದರು. ಮಗು ಜೋಡಿಸುತ್ತದೆ, ಜೋರಾಗಿ ಓದುತ್ತದೆ, ಆಮೇಲೆ ಬರೆಯುತ್ತದೆ.

ನನಗೆ ತುಂಬಾ ಹಿಡಿಸಿದ್ದು ಕೆಂಪು ಕಾರ್ಡು. ಒಂದೊಂದು ಕ್ರಿಯಾಪದಕ್ಕೂ ಬಂದನು, ಬಂದಳು, ಬಂದಿತು, ಬಂದರು ಅಂತ ಬೇರೆ ಬೇರೆ ಕಾರ್ಡು ಕೊಟ್ಟಿದ್ದಾರೆ. ನಮ್ಮ ಕಡೆ ಇದು ಬಹಳ ಬೇಕು. ತೆಲುಗು ಮನೆಮಾತಿನ ಮಕ್ಕಳು ‘ಅಮ್ಮ ಬಂದಿತು’ ಅಂತ ಬರೆಯುತ್ತಾರೆ, ಯಾಕೆಂದರೆ ತೆಲುಗಿನಲ್ಲಿ ಅಮ್ಮ ಬಂದರೂ ನಾಯಿ ಬಂದರೂ ‘ವಚ್ಚಿಂದಿ’ಯೇ. ಉರ್ದು ಮಾತಾಡುವ ಮಗು ‘ಗಾಡಿ ಬಂದಳು’ ಅನ್ನುತ್ತದೆ, ಅಲ್ಲಿ ಗಾಡಿ ಸ್ತ್ರೀಲಿಂಗ. ಇದು ದಡ್ಡತನ ಅಲ್ಲವೇ ಅಲ್ಲ, ಮನೆಯ ಭಾಷೆಯ ನಿಯಮವನ್ನು ಮಗು ಸರಿಯಾಗೇ ಪಾಲಿಸುತ್ತಿದೆ. ನೋಟ್‌ಬುಕ್‌ನಲ್ಲಿ ಕೆಂಪು ಗೀಟು ಎಳೆದರೆ ಮಗು ಬರೆಯೋದನ್ನೇ ನಿಲ್ಲಿಸುತ್ತದೆ, ಅದೇ ಕಾರ್ಡಾದರೆ ತಾನೇ ತೆಗೆದು ಇನ್ನೊಂದು ಇಟ್ಟು, ಓದಿ ನೋಡಿ, ‘ಈಗ ಸರಿ ಆಯ್ತಾ ಟೀಚರ್?’ ಅಂತ ಕೇಳುತ್ತದೆ.

ಇನ್ನು ಕೊರತೆಗಳು. ಹಸಿರು ಕಾರ್ಡಿನಲ್ಲಿ ‘ಶಾಲೆಗೆ’, ‘ಮರದಿಂದ’ ಅಂತ ವಿಭಕ್ತಿ ಸೇರಿಸಿಯೇ ಅಚ್ಚು ಹಾಕಿದ್ದಾರೆ. ಮಕ್ಕಳು ಎಡವುವುದೇ ಅಲ್ಲಿ, ಹಾಗಾಗಿ ಆ ಕೆಲಸವನ್ನು ಮಗುವಿಗೇ ಬಿಡಬೇಕಿತ್ತು. ನಾನು ರಟ್ಟು ಕತ್ತರಿಸಿ ‘ಮರ’, ‘ಶಾಲೆ’ ಒಂದು ಕಡೆ, ‘ಅನ್ನು’, ‘ಇಂದ’, ‘ಗೆ’, ‘ಅಲ್ಲಿ’ ಇನ್ನೊಂದು ಕಡೆ ಮಾಡಿಕೊಂಡೆ. ಪೂರ್ಣವಿರಾಮಕ್ಕೆ ಕಾರ್ಡೇ ಇಲ್ಲ, ಮಕ್ಕಳು ಹೇಗೂ ಅದನ್ನು ಮರೆಯುವವರು. ಚಿತ್ರಗಳಲ್ಲಿ ತೆಂಗು, ಇಡ್ಲಿ ಇದೆ. ಜೋಳದ ರೊಟ್ಟಿ, ತೊಗರಿ ಹೊಲ ಎಲ್ಲೂ ಇಲ್ಲ.

ಎಲ್ಲಕ್ಕಿಂತ ಬೇಸರ ತಂದಿದ್ದು ಮಾದರಿ ಹಾಳೆ. ಅದರಲ್ಲಿ ‘ಹಸುಗಳು ಮೇಯುತ್ತದೆ’ ಅಂತ ಅಚ್ಚಾಗಿದೆ! ‘ಮೇಯುತ್ತವೆ’ ಆಗಬೇಕು. ಸರಿಯಾದ ವಾಕ್ಯ ಕಲಿಸುವ ಡಬ್ಬಿಯಲ್ಲೇ ಇಂಥ ತಪ್ಪು ಬರಬಾರದು, ಮಕ್ಕಳು ಅಚ್ಚಾದದ್ದನ್ನೆಲ್ಲ ನಂಬುತ್ತಾರೆ.

ಡಬ್ಬಿಯಲ್ಲಿರೋ ವಾಕ್ಯಗಳನ್ನು ಸುಮ್ನೆ ಕಾಪಿ ಮಾಡಿಸಬೇಡಿ. ಅಕ್ಷರ ದುಂಡಗಾಗುತ್ತದೆ ಅಷ್ಟೇ, ವಾಕ್ಯ ಕಟ್ಟೋಕೆ ಬರೋದಿಲ್ಲ. ನಾನು ಮೊದಲು ಮಗುವಿನ ಬಾಯಿಂದಲೇ ಒಂದು ಮಾತು ಹೇಳಿಸುತ್ತೇನೆ. ‘ನಾ ಜಾತ್ರಿಗಿ ಹೋಗಿದ್ದೆ’ ಅಂದರೆ ಹಾಗೇ ಬೋರ್ಡಿನಲ್ಲಿ ಬರೆದು, ಅದರ ಕೆಳಗೆ ‘ನಾನು ಜಾತ್ರೆಗೆ ಹೋಗಿದ್ದೆನು’ ಅಂತ ಬರೆಯುತ್ತೇನೆ. ಎರಡನ್ನೂ ಓದಿಸುತ್ತೇನೆ. ಮೇಲಿನದನ್ನು ಅಳಿಸೋದಿಲ್ಲ. ಆಮೇಲೆ ಅದೇ ಮಾತನ್ನು ಕಾರ್ಡಿನಲ್ಲಿ ಜೋಡಿಸಲಿ, ಆಗ ಈ ಡಬ್ಬಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಒಂದು ಡಬ್ಬಿ ಆರೇಳು ಮಕ್ಕಳ ಗುಂಪಿಗೆ ಸಾಕು, ಇಡೀ ಕ್ಲಾಸಿಗೆ ಸಾಲೋದಿಲ್ಲ. ಕಾರ್ಡು ತೆಳ್ಳಗಿದೆ, ತಂದ ದಿನವೇ ಲ್ಯಾಮಿನೇಷನ್ ಮಾಡಿಸಿ. ಐದಕ್ಕೆ ಮೂರೂವರೆ ಸ್ಟಾರ್.